ಏಳನೆಯ ಅಧ್ಯಾಯದ ಹಸು

ಚಳಿ ಹಿಂದೆ ಸರಿದು ಬಿಸಿಲು ಚುರುಕಾಗುತ್ತಿದ್ದ ದಿನಗಳು. ಅಂಗಳದಲ್ಲಿ ಅಣ್ಣ ಬಾಡಿಗೆ ಯಂತ್ರಕ್ಕೆ ಮೆಕ್ಕೆಜೋಳದ ತೆನೆ ಸುರಿಯುತ್ತಿದ್ದ. ಹೊಟ್ಟು ಹಾರಿ ಬಂದು ಜಗಲಿಯಲ್ಲಿದ್ದ ತಂಗಿಯ ಹಾಳೆಗಳ ಮೇಲೆ ಕೂರುತ್ತಿತ್ತು. ಅವಳು ಊದುವಳು, ಒಂದು ಸಾಲು ಹೊಡೆದುಹಾಕುವಳು, ಮತ್ತೆ ಊದುವಳು. ಶಾಲೆಯ ಕೆಲಸ ಬಿಟ್ಟು ನಾಲ್ಕು ವರ್ಷದಿಂದ ಬೇರೆಯವರ ಪುಸ್ತಕ ತಿದ್ದಿ ಬದುಕುತ್ತಿದ್ದಳು. ಉಳಿದ ಹೊತ್ತಿನಲ್ಲಿ ತನ್ನದೊಂದು ಕಾದಂಬರಿ. ಊರವರ ಬಾಯಲ್ಲಿ ಅವಳು ‘ಕೆಂಪು ಪೆನ್ನು’.

ಪ್ರಕಾಶಕಿಯ ಫೋನು ಬಂದದ್ದು ಆಗಲೇ.

“ಕಾದಂಬರಿ ಚೆನ್ನಾಗಿದೆ ಕಣಮ್ಮಾ. ಆದ್ರೆ ಆ ಹಸುವಿನ ಪುಟ ದನದ ಡಾಕ್ಟರ ಪುಸ್ತಕದಲ್ಲಿ ಹೋದ ವರ್ಷವೇ ಬಂದಿದೆಯಲ್ಲ, ಏಳನೇ ಅಧ್ಯಾಯ?”

“ಅದನ್ನ ಬರೆದುಕೊಟ್ಟಿದ್ದೇ ನಾನು, ಮೇಡಂ.”

“ಇರಬಹುದು. ಅದು ನಿನ್ನದೇ ಅಂತ ಅವರ ಕೈಲಿ ಒಂದು ಸಾಲು ಬರೆಸಿ ತಾ. ಇಲ್ಲದಿದ್ರೆ ನಾನು ಅಚ್ಚಿಗೆ ಕಳಿಸೋ ಹಾಗಿಲ್ಲ.”

ಆ ಪುಟ ತೆಗೆದರೆ ಕಾದಂಬರಿಗೆ ಬೆನ್ನುಮೂಳೆಯೇ ಇರುತ್ತಿರಲಿಲ್ಲ. ಅಪ್ಪನ ಕಣ್ಣು ಮಂಜಾದ ವರ್ಷ ಅವನು ಯಾರಿಗೂ ಹೇಳಿರಲಿಲ್ಲ. ಸಂಜೆ ಕೊಟ್ಟಿಗೆಯಲ್ಲಿ ಒಂದೊಂದು ಹಸುವಿನ ಕಿವಿಯನ್ನೂ ಸವರಿ ಗುರುತು ಹಿಡಿದು ಕಟ್ಟುತ್ತಿದ್ದ. ಒಂದು ದಿನ ಪಕ್ಕದ ಮನೆಯ ಹಸು ನುಗ್ಗಿತ್ತು. ಅದರ ಕಿವಿ ಮುಟ್ಟಿದವನು ಕೈ ಹಿಂದೆಳೆದು, “ನಮ್ಮನೆಯವಳಲ್ಲ ನೀನು, ತಪ್ಪಾಯ್ತು ತಾಯಿ” ಎಂದಿದ್ದ. ಕಿಟಕಿಯಲ್ಲಿದ್ದ ಮಗಳಿಗೆ ಎಲ್ಲ ತಿಳಿದದ್ದು ಆಗ.

ತಿದ್ದಲು ಅವಳ ಕೈಗೆ ಬಂದಿದ್ದ ಡಾಕ್ಟರ ಕಾದಂಬರಿಯಲ್ಲಿ ಒಬ್ಬ ಮುದುಕ ಕುರುಡನಾಗುತ್ತಿದ್ದ. ‘ಅವನಿಗೆ ಬಹಳ ದುಃಖವಾಯಿತು’ ಎಂದಷ್ಟೇ ಬರೆದಿದ್ದರು. ಮೂರು ಸಲ ತಿರುಗಿ ಕಳಿಸಿದರೂ ಅದೇ ದುಃಖ ಬಂತು. ಮುದ್ರಣದವರು ಕುತ್ತಿಗೆಯ ಮೇಲೆ ಕೂತಿದ್ದರು. ಸತ್ತ ಪುಟವನ್ನು ಹಾಗೇ ಬಿಡಲು ಕೈ ಬರದೆ, ತನ್ನಲ್ಲಿದ್ದದ್ದನ್ನು ಅಲ್ಲಿ ಕೂರಿಸಿದಳು. ತನ್ನದರಲ್ಲಿ ಬೇರೆ ಥರ ಬರೆದರಾಯಿತು ಅಂದುಕೊಂಡಿದ್ದಳು. ಬೇರೆ ಥರ ಬರಲೇ ಇಲ್ಲ. ಕೆಂಪು ಗುರುತು ಕಂಡರೆ ಬರೆದವರು ನೊಂದುಕೊಳ್ಳುತ್ತಾರೆಂದು ಎಲ್ಲವನ್ನೂ ಹೊಸದಾಗಿ ಟೈಪು ಮಾಡಿ, ಹಳೆಯ ಹಾಳೆಗಳನ್ನು ಒಲೆಗೆ ಹಾಕುವುದು ಅವಳ ಪದ್ಧತಿ. ಹೊಲಿಗೆ ಕಾಣಬಾರದು ಎಂಬುದೇ ಅವಳ ಹೆಮ್ಮೆ.

ಮಧ್ಯಾಹ್ನ ಡಾಕ್ಟರ ಮನೆಗೆ ಹೋದಳು.

“ಬಾರಮ್ಮಾ ಕೆಂಪು ಪೆನ್ನು! ಮತ್ತೇನು ತಪ್ಪು ಕಂಡುಹಿಡಿದೆ?” ಎಂದು ನಗುತ್ತ ಅವರೇ ಕುರ್ಚಿ ಎಳೆದು ಹಾಕಿದರು.

“ಏಳನೇ ಅಧ್ಯಾಯ, ಸಾರ್. ಆ ಹಸುವಿನ ಪುಟ... ಅದು ನಮ್ಮಪ್ಪನದು.”

“ನಿಮ್ಮಪ್ಪನದೇ ಮತ್ತೆ! ನಾನು ಇಂಜೆಕ್ಷನ್ನು ಕೊಡೋಕೆ ಬಂದು ಬಾಗಿಲಲ್ಲೇ ನಿಂತಿದ್ದೆ. ಅದನ್ನ ಬರೀತಾ ನಾನು ಎಷ್ಟು ಅತ್ತಿದ್ದೆ, ಇವಳನ್ನೇ ಕೇಳು.”

ಅವರ ಹೆಂಡತಿ ಹೌದೆಂದು ತಲೆಯಾಡಿಸಿದರು. ಡಾಕ್ಟರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಸುಳ್ಳು ಹೇಳುವವರಾಗಿದ್ದರೆ ಜಗಳವಾದರೂ ಆಡಬಹುದಿತ್ತು.

“ಸಾರ್, ಆವತ್ತು ನೀವು ಅಲ್ಲಿರಲಿಲ್ಲ.”

“ನೀನಾಗ ಚಿಕ್ಕವಳು, ನಿನಗೇನು ನೆನಪಿರುತ್ತೆ ಬಿಡು.”

ಆಗ ಅವಳಿಗೆ ಇಪ್ಪತ್ತೆಂಟು. ಅವರ ಹೆಂಡತಿ ತಂದಿಟ್ಟ ನೀರು ಕುಡಿದು ಎದ್ದಳು.

ಮನೆಗೆ ಬಂದಾಗ ಯಂತ್ರ ನಿಂತಿತ್ತು. ಅಪ್ಪ ಕಾಳಿನ ರಾಶಿಯ ಪಕ್ಕ ಕೂತು, ತೇವ ಉಳಿದಿದೆಯೇ ಎಂದು ಅಂಗೈಯಲ್ಲಿ ಉಜ್ಜಿ ನೋಡುತ್ತಿದ್ದ.

“ಮಗಾ, ಡಾಕ್ಟರು ಪುಸ್ತಕದಲ್ಲಿ ನನ್ನ ವಿಷಯ ಬರೆದಿದಾರಂತೆ. ನಿಮ್ಮಣ್ಣ ಈಗ ಹೇಳ್ದ. ಓದು ನೋಡೋಣ.”

ಓದಿದಳು. ಅಪ್ಪ ಕಾಳು ಉಜ್ಜುವುದನ್ನು ನಿಲ್ಲಿಸಿದ್ದ.

“ಹೌದು, ಹಾಗೇ ಅಂದಿದ್ದೆ ನಾನು. ಕಂಡೂ ಇಷ್ಟು ವರ್ಷ ಬಾಯಿಬಿಡಲಿಲ್ಲ ನೋಡು, ದೊಡ್ಡ ಮನುಷ್ಯ. ಮಕ್ಕಳ ಕಣ್ಣಿಗೆ ಬೀಳಲಿಲ್ಲವಲ್ಲ, ನನಗೆ ಅಷ್ಟು ಸಾಕು.”

ಅವಳು ಪುಸ್ತಕ ಮುಚ್ಚಿದಳು.

“ಅವರ ಋಣ ಇಟ್ಕೋಬಾರದು ಮಗಾ. ನಾಳೆ ಬೆಳಿಗ್ಗೆ ಕರೆದ ಹಾಲು ಪೂರ್ತಿ ಅವರ ಮನೆಗೆ. ನೀನೇ ಕೊಟ್ಟು ಬಾ.”

“ಹೂಂ ಅಪ್ಪಾ.”

ಮರುದಿನ ಕ್ಯಾನು ಹೊತ್ತು ಹೋದಳು; ಬರೆಸಿಕೊಳ್ಳಬೇಕಿದ್ದ ಸಾಲಿನ ಮಾತೆತ್ತಲಿಲ್ಲ. ಡಾಕ್ಟರ ಹೆಂಡತಿ ಹಾಲು ಬಗ್ಗಿಸಿಕೊಂಡು, ಕ್ಯಾನನ್ನು ಚೆನ್ನಾಗಿ ತೊಳೆದು, ಒರೆಸಿ ವಾಪಸು ಕೊಟ್ಟರು.