ಕೂಜ್ಮಾನ ಬೈಕಿಗೆ ಪಾಲಿ ಮಾಡಿದ್ದು

೧

ಈ ಕಥೆಯನ್ನು ಎಲ್ಲಿಂದ ಹೊರಡಿಸಬೇಕು ಎಂಬುದು ಮೂರು ದಿನದಿಂದ ತೀರ್ಮಾನವಾಗಿಲ್ಲ. ಮೊದಲ ಕರಡಿನಲ್ಲಿ ಹಿಮ ಸುರಿಯಿತು. ಒಂದೂವರೆ ಪುಟ ಸುರಿದೇ ಸುರಿಯಿತು, ಒಬ್ಬ ಮನುಷ್ಯನೂ ಬರಲಿಲ್ಲ. ಹರಿದೆ. ಎರಡನೆಯದರಲ್ಲಿ ಹಿಮದ ಬೈಕ್ ಎಂದರೇನು ಎಂದು ಮೇಷ್ಟರ ಹಾಗೆ ಪಾಠ ಶುರುಮಾಡಿದೆ. (ಓದುಗರೇ, ನಿಮಗೆ ಇಷ್ಟು ಸಾಕು: ಮಾಮೂಲಿ ಬೈಕಿನ ಮುಂದಿನ ಚಕ್ರ ಬಿಚ್ಚಿ ಸ್ಕೀ ಹಾಕಿ, ಹಿಂದಿನದನ್ನು ಬಿಚ್ಚಿ ಸುತ್ತುವ ರಬ್ಬರ್ ಪಟ್ಟಿ ಹಾಕಿ. ಆ ಪಟ್ಟಿಗೆ ಟ್ರ್ಯಾಕ್ ಅನ್ನುತ್ತೇವೆ.) ಅದನ್ನೂ ಹರಿದೆ.

ಮೀನು ತೂಗುವ ತಕ್ಕಡಿಯಿಂದ ಹೊರಡೋಣ.

೨

ಸಮುದಾಯ ಭವನದ ಅಂಗಳದಲ್ಲಿ ಗಟ್ಟಿಯಾದ ಹಿಮದ ಮೇಲೆ ಪಾಲಿ ಒಂದು ಬೈಕನ್ನು ಎಳೆಯುತ್ತಿದ್ದಾಳೆ. ಬೈಕಿಗೂ ಅವಳಿಗೂ ನಡುವೆ ಮೀನು ತೂಗುವ ಸ್ಪ್ರಿಂಗ್ ತಕ್ಕಡಿ. ಮುಳ್ಳು ಐವತ್ತೆಂಟು ಪೌಂಡಿಗೆ ನಿಂತಿದೆ. ಬೈಕ್ ತನ್ನ ಟ್ರ್ಯಾಕನ್ನು ತಾನೇ ಸುತ್ತಿಸಿಕೊಳ್ಳಲು ತಿನ್ನುವ ಬಲ ಅದು.

ಪಾಲಿಗೆ ಅರವತ್ತಮೂರು. ಮೂವತ್ತೊಂದು ವರ್ಷ ಮರದ ಮಿಲ್ಲಿನಲ್ಲಿ ಗರಗಸದ ಹಲ್ಲು ಹರಿತ ಮಾಡಿದವಳು. ಬೈಕ್ ಅವಳದ್ದಲ್ಲ, ಕೂಜ್ಮಾನದು. "ಚೈನ್ ಸದ್ದು ಮಾಡ್ತಿದೆ, ಎರಡು ವಾರ ನನ್ನ ಹತ್ರ ಬಿಡು" ಎಂದು ಸುಳ್ಳು ಹೇಳಿ ತಂದಿದ್ದಾಳೆ.

ಕೂಜ್ಮಾ ಈ ಕಣಿವೆಯ ಶಾಲಾ ಬಸ್ಸು ಓಡಿಸಿದವನು. ಹೋದ ವಸಂತದಲ್ಲಿ ಡಾಕ್ಟರು ಎದೆ ಕೊಯ್ದರು. ಇನ್ನು ಭಾರ ಎತ್ತಬೇಡ ಅಂದರು. ದೊಡ್ಡ ಬೈಕ್ ಹಿಮದಲ್ಲಿ ಹೂತರೆ ಎತ್ತಲೇಬೇಕಲ್ಲ, ಅದನ್ನು ಮಾರಿ ಸಣ್ಣ ಎಂಜಿನ್ನಿನದು ಕೊಂಡ. ಕಾಡ್ಗಿಚ್ಚು ಕಾಯುವವರ ಹಳೆಯ ಗುಡಿಸಲಿಗೆ ಹೋಗುವ ಕೊನೆಯ ದಿಬ್ಬದಲ್ಲಿ ಅದು ನಾಲ್ಕು ಶನಿವಾರ ಅರ್ಧಕ್ಕೇ ಉಸಿರು ಬಿಟ್ಟಿತು. ಐದನೆಯ ವಾರ ಅವನು ಅಂಗಡಿಯ ಹಲಗೆಗೆ 'ಮಾರಾಟಕ್ಕಿದೆ' ಎಂದು ಚೀಟಿ ಅಂಟಿಸಿದ.

ಅವನು ಬಿಟ್ಟರೆ ಪಾಲಿಯೂ ಬಿಡಬೇಕು. ಹಿಮ ಯಾವಾಗ ಜಾರುತ್ತದೋ ಹೇಳಲಾಗದ ಈ ಬೆಟ್ಟಗಳಿಗೆ ಒಂಟಿಯಾಗಿ ಯಾರೂ ಹೋಗುವುದಿಲ್ಲ. ಹೊರಡುವ ಮುಂಚೆ ಒಬ್ಬರ ಎದೆಗೆ ಕಟ್ಟಿದ ಬೀಕನ್, ಹಿಮದಡಿ ಹೂತವರನ್ನು ಪತ್ತೆಹಚ್ಚಿಸುವ ಯಂತ್ರ, ಕೂಗುತ್ತಿದೆಯೇ ಎಂದು ಇನ್ನೊಬ್ಬರು ಪಕ್ಕದಲ್ಲಿ ನಡೆದು ಕೇಳಿಸಿಕೊಳ್ಳಬೇಕು. ಇಪ್ಪತ್ತಾರು ಚಳಿಗಾಲದಿಂದ ಪಾಲಿಯದನ್ನು ಕೇಳಿಸಿಕೊಂಡವನು ಕೂಜ್ಮಾ ಒಬ್ಬನೇ.

(ಈ ಸಂಗತಿಯನ್ನು ಕೊನೆಗಿಟ್ಟು ನಿಮ್ಮ ಗಂಟಲು ಕಟ್ಟಿಸುವ ಯೋಜನೆಯಿತ್ತು. ಪಾಲಿ ಒಪ್ಪಲಿಲ್ಲ. "ನನ್ನ ಸ್ವಾರ್ಥಾನ ಯಾಕೆ ಬಚ್ಚಿಡ್ತೀಯ? ಮೊದಲೇ ಬರಿ. ಪುಣ್ಯಾತ್ಗಿತ್ತಿ ಅಂತ ಅಂದ್ಕೊಂಡಾರು ಜನ.")

೩

ಅವಳು ಮಾಡಿದ್ದು: ಟ್ರ್ಯಾಕನ್ನು ತಿರುಗಿಸುವ ಹಲ್ಲಿನ ಚಕ್ರಗಳನ್ನು ಬದಲಿಸಿದಳು. ಹಳೆಯವು ಒಂದೇ ಕಡೆ ಕಚ್ಚುತ್ತಿದ್ದವು, ಹೊಸವು ಎರಡು ಕಡೆ. ಹಾಗಾಗಿ ಟ್ರ್ಯಾಕನ್ನು ಬಿಗಿದು ಕಟ್ಟಬೇಕಿಲ್ಲ, ಸಡಿಲ ಬಿಟ್ಟರೂ ಹಲ್ಲು ಹಿಡಿತ ತಪ್ಪುವುದಿಲ್ಲ. ಹಿಂದಿನ ಚಕ್ರ ದೊಡ್ಡದು ಮಾಡಿದಳು, ರಬ್ಬರು ಅಷ್ಟು ಮುರಿದು ಬಾಗದಿರಲಿ ಎಂದು. ಟ್ರ್ಯಾಕ್ ಜಾರುವ ಪ್ಲಾಸ್ಟಿಕ್ ಹಳಿಯ ಉಜ್ಜಾಟ ತಪ್ಪಿಸಲು ನಡುವೆ ಎರಡು ಪುಟ್ಟ ಚಕ್ರ ಸೇರಿಸಿದಳು.

"ಇಷ್ಟೇನಾ?" ಅಂದೆ.

"ಇಷ್ಟೇನಾ ಅಂತೀಯ? ಒಂದೊಂದು ಹಲ್ಲನ್ನೂ ಕೈಯಲ್ಲಿ ಅರ ಹಾಕಿ ಸಮ ಮಾಡಿದೀನಿ ಕಣೋ. ನಿನ್ನ ಒಂದು ಪ್ಯಾರಾನ ಅಷ್ಟು ಸಲ ಉಜ್ಜಿದ್ರೆ ಓದೋಕಾದ್ರೂ ಆಗ್ತಿತ್ತು."

(ನಗಬೇಡಿ.)

ಕೊನೆಗೆ ಬೇರಿಂಗುಗಳು. ಪ್ರತಿಯೊಂದರ ಮೇಲೂ ರಬ್ಬರಿನ ತೆಳು ಮುಚ್ಚಳ, ಒಳಗೆ ದಪ್ಪ ಗ್ರೀಸು. ಚಳಿಗೆ ಗ್ರೀಸು ಅಂಟಾಗಿ ಚಕ್ರವನ್ನು ಹಿಡಿಯುತ್ತದೆ. ಪಾಲಿ ಮುಚ್ಚಳ ಕಿತ್ತು, ಗ್ರೀಸು ತೊಳೆದು, ತೆಳು ಎಣ್ಣೆ ಹಾಕಿದಳು. ಮಿಲ್ಲಿನ ಗರಗಸಗಳಿಗೆ ಜೀವಮಾನವಿಡೀ ಹಾಗೇ ಮಾಡಿದ್ದಳು, ಒಂದೂ ಕೈಕೊಟ್ಟಿರಲಿಲ್ಲ. ಬೈಕನ್ನು ಮತ್ತೆ ಎಳೆದಾಗ ಮುಳ್ಳು ಮೂವತ್ತೇಳಕ್ಕೆ ನಿಂತಿತು. ಅವಳು ಅಂಗಳದಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿಕೊಂಡಳು.

೪

ಶನಿವಾರ ಕೂಜ್ಮಾ ದಿಬ್ಬ ಏರಿದ.

ಅದನ್ನು ವರ್ಣಿಸಲು ನಾಲ್ಕು ಸಲ ಹೊರಟು ಕೈಬಿಟ್ಟೆ. ಹಿಂದೆ ಬರುತ್ತಿದ್ದ ಪಾಲಿಗೆ ಕಂಡದ್ದಷ್ಟನ್ನೇ ಹೇಳುತ್ತೇನೆ: ಪ್ರತಿ ಸಲ ಎಂಜಿನ್ನಿನ ದನಿ ಕುಸಿಯುತ್ತಿದ್ದ ಒಂಟಿ ಮರದ ಬಳಿ ಅದು ಕುಸಿಯಲಿಲ್ಲ. ಅವನ ಬೆನ್ನು ನೆಟ್ಟಗಾಯಿತು. ಮೇಲೆ ತಲುಪಿ ಹೆಲ್ಮೆಟ್ ತೆಗೆದಾಗ ಅವನ ಮುಖ ಕೆಂಪಾಗಿತ್ತು, ಕಣ್ಣು ಒದ್ದೆಯಾಗಿತ್ತು.

"ನೋಡ್ದೆಯಾ? ಎದೆ ಸರಿಹೋಗಿದೆ ಕಣೆ! ನಾನೇ ಸುಮ್ನೆ ಹೆದರ್ಕೊಂಡು ಸಾಯ್ತಿದ್ದೆ."

"ನೋಡ್ದೆ."

"ಮುಂದಿನ ವಾರ ಆ ಕಡೆಗೆ." ಅವನು ಉತ್ತರದ ಬೋಳು ಇಳಿಜಾರಿನ ಕಡೆ ಕೈ ತೋರಿಸಿದ. ಗಟ್ಟಿ ಎದೆಯವರೂ ಯೋಚಿಸಿ ಹೋಗುವ ಜಾಗ. ಪಾಲಿ ಚಹಾದ ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು. ಇಬ್ಬರೂ ಗುಡಿಸಲಿನ ಗೋಡೆಗೆ ಒರಗಿ ಬೋರ್ಷ್ಟ್ ಸಾರು ಕುಡಿದರು, ಆಲೂಗಡ್ಡೆ ತುಂಬಿ ಬೇಯಿಸಿದ ಪಿರಾಹಿ ತಿಂದರು. ಒಂದು ಗಂಟೆ ಕಳೆಯಿತು.

೫

ಮುಕ್ತಾಯ, ಮೊದಲ ಬಗೆ: ಇಬ್ಬರೂ ನಗುತ್ತ ಇಳಿದರು. ಕೂಜ್ಮಾ ಚೀಟಿ ಕಿತ್ತೆಸೆದ. ಗುಟ್ಟು ಪಾಲಿಯ ಹೊಟ್ಟೆಯಲ್ಲೇ ಉಳಿಯಿತು.

ಓದಿ ಹೇಳಿದೆ. ಪಾಲಿ ನನ್ನ ಅಡುಗೆಮನೆಯಲ್ಲಿ ಬೂಟು ಬಿಚ್ಚದೆ ನಿಂತಿದ್ದಳು.

"ಬೇರಿಂಗ್ ಕೈಕೊಟ್ಟಿದ್ದು ಎಲ್ಲಿ?"

"ಬಿಟ್ಟೆ. ನಿನ್ನ ಮರ್ಯಾದೆ ಉಳೀಲಿ ಅಂತ."

"ನನ್ನ ಮರ್ಯಾದೆ ಕಟ್ಕೊಂಡು ನಿನಗೇನಾಗ್ಬೇಕು? ಅವನಿಗೆ ಗೊತ್ತಾಗದೇ ಹೋದ್ರೆ ಆ ಬೋಳು ಗುಡ್ಡಕ್ಕೆ ಹೋಗ್ತಾನೆ. ಎದೆ ಸರಿಹೋಗಿದೆ ಅಂತ ನಂಬ್ಕೊಂಡು ಹೋಗ್ತಾನೆ. ಆಗಿದ್ದನ್ನ ಬರಿ, ಮಾರಾಯ."

ಮುಕ್ತಾಯ, ಎರಡನೆಯ ಬಗೆ: ಅವಳೇ ಬಾಯಿಬಿಟ್ಟು ಎಲ್ಲ ಹೇಳಿಬಿಡುತ್ತಾಳೆ.

"ಅಷ್ಟು ಧೈರ್ಯ ನನಗಿರಲಿಲ್ಲ," ಅಂದಳು. "ಅದನ್ನೂ ಹೊಡೆದುಹಾಕು."

೬

ಹೊಡೆದುಹಾಕಿದೆ. ಆಗಿದ್ದು ಇದು.

ಮಿಲ್ಲಿನೊಳಗೆ ಹಿಮವಿಲ್ಲ. ಇಲ್ಲಿ ಇಡೀ ದಿಬ್ಬದ ಹಿಮ ಮುಚ್ಚಳವಿಲ್ಲದ ಬೇರಿಂಗಿಗೆ ನುಗ್ಗಿ ಕರಗಿತ್ತು. ಅವರು ಸಾರು ಕುಡಿಯುವಷ್ಟರಲ್ಲಿ ಆ ನೀರು ಹೆಪ್ಪುಗಟ್ಟಿತು. ಕೂಜ್ಮಾ ಎಂಜಿನ್ ಹಚ್ಚಿ ಗೇರ್ ಹಾಕಿದ. ಟ್ರ್ಯಾಕ್ ಕದಲಲಿಲ್ಲ. ಎಂಜಿನ್ ಆರಿಸಿ, ಬೈಕನ್ನು ಮಗ್ಗುಲಿಗೆ ಮಲಗಿಸಿ ಬಗ್ಗಿ ನೋಡಿದ.

"ಇದರ ಮುಚ್ಚಳ ಎಲ್ಲಿ?"

"ಕಿತ್ತೆ."

"ಚೈನ್ ಸದ್ದಿಗೆ ಬೇರಿಂಗ್ ಮುಚ್ಚಳ ಯಾಕೆ ಕೀಳ್ಬೇಕು?" ಆಮೇಲೆ ಹೊಸ ಹಲ್ಲು ಕಾಣಿಸಿತು, ದೊಡ್ಡ ಚಕ್ರ ಕಾಣಿಸಿತು. "ಇನ್ನೇನೇನು ಮಾಡಿದೀಯ?"

ಪಾಲಿ ಹೇಳಿದಳು, ತಕ್ಕಡಿಯ ಎರಡೂ ಅಂಕಿಗಳ ಸಮೇತ. ಹೇಳುತ್ತಲೇ ಫ್ಲಾಸ್ಕಿನಲ್ಲಿ ಉಳಿದಿದ್ದ ಬಿಸಿ ಚಹಾವನ್ನು ಒಂದೊಂದು ಬೇರಿಂಗಿನ ಮೇಲೂ ಸುರಿದಳು.

"ಅಂದ್ರೆ ನಾನು ಹತ್ತಲಿಲ್ಲ."

"ಚಕ್ರ ತಾನಾಗೇ ಹತ್ತಲ್ಲ ಕಣೋ. ಮೇಲೆ ಕೂತಿದ್ದೋನು ನೀನು."

"ಸಾಕು. ಬಸ್ಸಲ್ಲಿ ಅಳೋ ಮಕ್ಕಳಿಗೆ ನಾನೂ ಹಿಂಗೇ ಹೇಳ್ತಿದ್ದೆ." ಅವನು ಕೈಗವಸು ಹಾಕಿಕೊಂಡ. "ನನ್ನ ಕೇಳಬಹುದಿತ್ತು."

"ಕೇಳಿದ್ರೆ ಬೇಡ ಅಂತಿದ್ದೆ."

"ಅಂತಿದ್ದೆ. ಅನ್ನೋಕೆ ಬಿಡಬೇಕಿತ್ತು."

"ನೀನು ಬಿಟ್ರೆ ನಾನು ಯಾರ ಜೊತೆ ಬರಲಿ, ಕೂಜ್ಮಾ? ನಿನಗೋಸ್ಕರ ಮಾಡಲಿಲ್ಲ. ನನಗೋಸ್ಕರ ಮಾಡ್ದೆ."

ಅವನು ಟ್ರ್ಯಾಕನ್ನು ಕೈಯಲ್ಲಿ ತಳ್ಳಿದ, ಸುತ್ತಿತು. ಇಬ್ಬರೂ ಸೇರಿ ಬೈಕನ್ನು ಎತ್ತಿ ನಿಲ್ಲಿಸಿದರು, ಭಾರವೆಲ್ಲ ಪಾಲಿಯ ಕಡೆಗಿತ್ತು. ಇಳಿಯುವಾಗ ಅವನು ಬೋಳು ಗುಡ್ಡದ ಕಡೆ ತಿರುಗಿಯೂ ನೋಡಲಿಲ್ಲ.

೭

ಮರು ಶನಿವಾರ, ಎಂಟು ಗಂಟೆ ಹತ್ತು ನಿಮಿಷ. ಡಾಂಬರು ಮುಗಿದು ಹಿಮ ಶುರುವಾಗುವಲ್ಲಿ ಪಾಲಿ ನಿಂತಿದ್ದಾಳೆ. ಪ್ರತಿ ಶನಿವಾರ ಎಂಟಕ್ಕೆ ಬರುವ ಕೂಜ್ಮಾನ ಪಿಕಪ್ ಬಂದಿಲ್ಲ. ವಾರವಿಡೀ ಅವನು ಫೋನ್ ಮಾಡಲಿಲ್ಲ, ಅವಳೂ ಮಾಡಲಿಲ್ಲ. ಗ್ರೀಸು ತುಂಬಿದ, ಮುಚ್ಚಳವಿರುವ ಹೊಸ ಬೇರಿಂಗುಗಳ ಪೊಟ್ಟಣವನ್ನು ಬುಧವಾರ ಅವನ ಮೆಟ್ಟಿಲ ಮೇಲೆ ಇಟ್ಟು ಬಂದಿದ್ದಳು. ಹಾಕಿಕೊಡಲಿಲ್ಲ, ಇಟ್ಟು ಬಂದಳು.

(ಓದುಗರೇ, ನನಗೆ ಇದೇನು ಮಹಾ ಕೆಲಸ? 'ತಿರುವಿನಲ್ಲಿ ಪಿಕಪ್ಪಿನ ದೀಪ ಕಂಡಿತು' ಎಂದು ಬರೆದರೆ ಆಯಿತು. ನೀವೂ ಅದನ್ನೇ ಕಾಯುತ್ತಿದ್ದೀರಿ. 'ತಿರುವಿನಲ್ಲಿ' ಎಂದು ಬರೆದೂ ಬಿಟ್ಟೆ.)

"ಕೈ ತೆಗಿ," ಅಂದಳು ಪಾಲಿ.

"ಒಂದೇ ವಾಕ್ಯ."

"ಕೇಳದೇ ಅವನನ್ನ ಒಂದ್ಸಲ ಹತ್ತಿಸಿದೀನಿ. ಈಗ ನೀನು ಶುರುಮಾಡ್ಬೇಡ. ಬರೋದಿದ್ರೆ ಅವನೇ ಬರಲಿ."

"ಬರದೇ ಹೋದರೆ?"

"ಬೈಕನ್ನ ಗಾಡಿಗೆ ಏರಿಸ್ಕೊಂಡು ಮನೆಗೆ ಹೋಗ್ತೀನಿ. ಅಳಬೇಕು ಅನ್ಸಿದ್ರೆ ಅಳ್ತೀನಿ. ಅದನ್ನೂ ನೀನು ಬರೀಬೇಕಾಗಿಲ್ಲ."

'ತಿರುವಿನಲ್ಲಿ' ಎಂಬುದನ್ನು ಹೊಡೆದುಹಾಕಿದ್ದೇನೆ. ಈಗ ಎಂಟು ಹನ್ನೆರಡು. ಅವಳು ರಸ್ತೆ ನೋಡುತ್ತಿದ್ದಾಳೆ, ನಾನೂ ನೋಡುತ್ತಿದ್ದೇನೆ. ಅವನು ಬರಲಿ ಎಂದು ನನಗೆ ತುಂಬ ಆಸೆಯಿದೆ.