ಒಂಬತ್ತು ನಿಮಿಷ ತಡ

ಚಿಲಕ ಮುರಿದ ಬಾಗಿಲನ್ನು ಬಲಗಾಲಿನಿಂದ ಒತ್ತಿ ಹಿಡಿದು, ಮೈಭಾರವನ್ನೆಲ್ಲ ಎಡಗಾಲಿನ ಮೇಲೆ ಹಾಕಿ, ಅವಳು ಮಗುವಿನ ಬಾಯಿಯನ್ನು ಮೂರನೇ ಸಲ ಎದೆಗೆ ಹಚ್ಚಿದಳು. ಮಗು ಎರಡು ಗುಟುಕು ಎಳೆದು, ತಲೆ ಹಿಂದಕ್ಕೆ ಚೆಲ್ಲಿ ಅಳತೊಡಗಿತು. ಫಿನಾಯಿಲ್ ವಾಸನೆಗೆ ಅವಳ ಕಣ್ಣಲ್ಲೇ ನೀರು ಬರುತ್ತಿತ್ತು. ಇನ್ನು ನಾಲ್ಕೂವರೆ ತಿಂಗಳ ಕೂಸಿಗೆ ಹೇಗಾಗಬೇಡ. ಎಲ್ಲಿಂದಲೋ ಹರಿದು ಬಂದ ನೀರು ಅವಳ ಬೂಟಿನ ಸುತ್ತ ನಿಂತಿತ್ತು. ಹೊರಗೆ ಕಾವಲು ನಿಂತಿದ್ದ ತಾಯಿ, ಕುಡೀತಾ, ಕುಡೀತಾ ಎಂದು ನಿಮಿಷಕ್ಕೊಮ್ಮೆ ಕೇಳುತ್ತಿದ್ದಳು. ಬಸ್ಸು ಹೊರಡಲು ಇನ್ನು ಐದು ನಿಮಿಷವಿತ್ತು.

ಅವಳು ಆ ಬಸ್ಸಿನ ಕಂಡಕ್ಟರ್. ಎಂಟು ವರ್ಷದ ನೌಕರಿ. ಹೆರಿಗೆ ರಜೆ ಮುಗಿಸಿ ಬಂದು ಐದು ವಾರವಾಗಿತ್ತು. ಬೆಳಗಿನ ಆರಕ್ಕೆ ಡಿಪೋ ಬಿಟ್ಟರೆ ಸಂಜೆ ನಾಲ್ಕರವರೆಗೆ ಎರಡು ಊರುಗಳ ನಡುವೆ ಓಡಾಟ. ಅದರ ಮಧ್ಯೆ ಹನ್ನೊಂದೂ ಇಪ್ಪತ್ತಕ್ಕೆ ಅವಳದೇ ಊರಿನ ನಿಲ್ದಾಣದಲ್ಲಿ ಹನ್ನೆರಡು ನಿಮಿಷ ನಿಲುಗಡೆ. ಆ ಹನ್ನೆರಡು ನಿಮಿಷವನ್ನು ನೆಚ್ಚಿಕೊಂಡೇ ಅವಳು ಕೆಲಸಕ್ಕೆ ಮರಳಿದ್ದಳು. ತಾಯಿ ಮಗುವನ್ನೆತ್ತಿಕೊಂಡು ಎರಡು ಬೀದಿ ದಾಟಿ ಬರುವುದು, ಇವಳು ಹಾಲೂಡಿಸಿ ಕೊಡುವುದು. ಉಳಿದ ಹೊತ್ತಿಗೆ ಬೆಳಿಗ್ಗೆ ಹಿಂಡಿಟ್ಟು ಬಂದ ಹಾಲು. ಗಂಡ ಬೇಕರಿಯಲ್ಲಿ ಒಲೆಯ ಮುಂದೆ ನಿಲ್ಲುವವನು. ಡಬ್ಬಿ ಹಾಲು ಹಾಕಿಬಿಡು, ಯಾಕೆ ಇಷ್ಟೊಂದು ಪಜೀತಿ ಎಂದು ಒಂದು ಸಲ ಅಂದಿದ್ದ. ಅವಳು ನೋಡಿದ ನೋಟಕ್ಕೆ ಎರಡನೇ ಸಲ ಅನ್ನಲಿಲ್ಲ.

ಮೊದಲ ಮೂರು ವಾರ ಎಲ್ಲ ಸುಸೂತ್ರವಾಗಿಯೇ ನಡೆದಿತ್ತು. ವೇಳಾಪಟ್ಟಿಯ ಬೋರ್ಡಿನ ಕೆಳಗೊಂದು ಕಲ್ಲಿನ ಬೆಂಚಿತ್ತು. ಜನರಿಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಅಲ್ಲಿ ಕೂರುತ್ತಿದ್ದಳು. ಯೂನಿಫಾರ್ಮ್ ಶರಟಿನ ಮೇಲಿನ ಗುಂಡಿಗಳನ್ನು ಮುಟ್ಟದೆ ಕೆಳಗಿನ ಮೂರನ್ನು ಮಾತ್ರ ಬಿಚ್ಚಬೇಕು, ಟಿಕೆಟ್ ಚೀಲವನ್ನು ಪಕ್ಕಕ್ಕೆ ಅಡ್ಡ ತರಬೇಕು, ಹೆಗಲ ಮೇಲಿನ ಶಾಲು ಮಗುವಿನ ಕೆನ್ನೆಯವರೆಗೆ ಇಳಿಯಬೇಕು. ಇದನ್ನೆಲ್ಲ ಅವಳು ಮನೆಯ ಕನ್ನಡಿಯ ಮುಂದೆ ಕೂತು ಅಭ್ಯಾಸ ಮಾಡಿಕೊಂಡಿದ್ದಳು. ಯಾರಾದರೂ ಪಕ್ಕದಲ್ಲೇ ಬಂದು ನಿಂತರೂ ಕಾಣುತ್ತಿದ್ದುದು ಮಗುವಿನ ಹಿಂದಲೆ ಅಷ್ಟೇ. ಮಗುವೂ ಜಾಣತನದಿಂದ ಗುಟುಕು ಗುಟುಕಾಗಿ ಕುಡಿದು, ಹತ್ತು ನಿಮಿಷದೊಳಗೆ ಹೊಟ್ಟೆ ತುಂಬಿಸಿಕೊಳ್ಳುತ್ತಿತ್ತು.

ಮೂರನೇ ವಾರದ ಕೊನೆಗೆ ಕಂಟ್ರೋಲರ್ ತನ್ನ ಕಿಟಕಿ ಕೋಣೆಯಿಂದ ಎದ್ದು ಬಂದ. ಬಸ್ಸುಗಳ ಹೊತ್ತು ಬರೆದುಕೊಳ್ಳುವುದು, ಮೈಕಿನಲ್ಲಿ ಕೂಗುವುದು ಅವನ ಕೆಲಸ. ಅವಳನ್ನು ನೋಡದೆ, ಪಕ್ಕದ ದೀಪದ ಕಂಬಕ್ಕೆ ಹೇಳುವವನ ಹಾಗೆ ಹೇಳಿದ. ದೂರು ಪುಸ್ತಕದಲ್ಲಿ ಯಾರೋ ಬರೆದಿದ್ದಾರಂತೆ. ಯೂನಿಫಾರ್ಮ್ ಹಾಕಿಕೊಂಡು ಇದೆಲ್ಲ ಮಾಡಿದರೆ ಇಲಾಖೆಯ ಮರ್ಯಾದೆ ಏನಾಗಬೇಕಂತೆ.

"ಆ ಕಡೆ ಲೇಡೀಸ್ ಟಾಯ್ಲೆಟ್ ಇದೆಯಲ್ಲಮ್ಮ. ಅಲ್ಲಿ ಹೋಗಿ ಮುಗಿಸ್ಕೊಂಡು ಬಾ. ನಂಗೇನೂ ತೊಂದರೆ ಇಲ್ಲ."

ತನಗೇನೂ ತೊಂದರೆ ಇಲ್ಲವಂತೆ. ಅವಳು ಶಾಲು ಸರಿಪಡಿಸಿಕೊಂಡು ಎದ್ದು ಹೋದಳು. ಕೊಡಬಹುದಾಗಿದ್ದ ಉತ್ತರಗಳು ಬಸ್ಸು ಬಿಟ್ಟ ಮೇಲೆ ಒಂದರ ಹಿಂದೊಂದು ಬಂದವು. ನಾಲ್ಕನೇ ಸ್ಟಾಪು ದಾಟುವ ಹೊತ್ತಿಗೆ ಹತ್ತು ಉತ್ತರ ಸಿದ್ಧವಾಗಿದ್ದವು, ಕೇಳಲು ಅವನಿರಲಿಲ್ಲ. ಅವನಿಗಿಂತ ಹೆಚ್ಚಾಗಿ ತನ್ನ ಮೇಲೆಯೇ ಅವಳ ಮೈ ಉರಿಯಿತು.

ಅಲ್ಲಿಂದ ಮುಂದೆ ಟಾಯ್ಲೆಟ್ಟಿನ ದಿನಗಳು. ಸರತಿಯಲ್ಲೇ ನಾಲ್ಕು ನಿಮಿಷ ಹೋಗುತ್ತಿತ್ತು. ನಿಂತುಕೊಂಡು ಊಡಿಸಬೇಕು, ಬಾಗಿಲು ಒತ್ತಿ ಹಿಡಿಯಬೇಕು. ಆಚೀಚೆ ನೀರು ಬಿಟ್ಟ ಸದ್ದಿಗೆ ಮಗು ಬೆಚ್ಚಿಬೀಳುತ್ತಿತ್ತು. ಅರೆಹೊಟ್ಟೆಯಲ್ಲೇ ಅದನ್ನು ತಾಯಿಯ ಕೈಗಿತ್ತು ಓಡಿಬಂದು ಸೀಟಿ ಊದಿದರೆ, ಮುಂದಿನ ಟ್ರಿಪ್ಪಿಡೀ ಎದೆಯಲ್ಲಿ ಹಾಲು ಕಟ್ಟಿಕೊಂಡು ಕಲ್ಲಾಗುತ್ತಿತ್ತು. ಬಸ್ಸಿನ ಒಂದೊಂದು ಕುಲುಕಾಟಕ್ಕೂ ಹಲ್ಲು ಕಚ್ಚಿಕೊಳ್ಳಬೇಕು. ಒಂದು ದಿನ ಟಿಕೆಟ್ ಕೊಡುತ್ತಿರುವಾಗ ಕಿಟಕಿ ಪಕ್ಕದ ಗಂಡಸೊಬ್ಬ ಅವಳ ಶರಟನ್ನೇ ನೋಡುತ್ತಿದ್ದ. ತಗ್ಗಿ ನೋಡಿಕೊಂಡರೆ ಎಡಗಡೆ ಅಂಗೈಯಗಲ ಒದ್ದೆ. ಮನೆಗೆ ಹೋಗುವಷ್ಟರಲ್ಲಿ ಚಳಿಜ್ವರ. ಎರಡು ದಿನ ಬಿಸಿನೀರಿನ ಬಟ್ಟೆ ಒತ್ತಿಕೊಂಡು ಮಲಗಿ ಮೂರನೆಯ ದಿನ ಮತ್ತೆ ಡ್ಯೂಟಿಗೆ ಹೋದಳು.

ಇವತ್ತು ನಿಲ್ದಾಣಕ್ಕೆ ಬರುವ ಮೊದಲು ತಾಯಿ ಮಗುವನ್ನು ಆರೋಗ್ಯ ಕೇಂದ್ರಕ್ಕೆ ಒಯ್ದು ತೂಗಿಸಿದ್ದಳು. ನರ್ಸಮ್ಮ ಎರಡು ಸಲ ತೂಗಿ ನೋಡಿ, ಹದಿನೈದು ದಿನದಿಂದ ಒಂದು ಗ್ರಾಮೂ ಏರಿಲ್ಲ, ತಾಯಿ ಊಡಿಸ್ತಾ ಇದ್ದಾಳೋ ಇಲ್ಲವೋ ಎಂದು ಕೇಳಿದಳಂತೆ. ಟಾಯ್ಲೆಟ್ಟಿನ ಸರತಿಯಲ್ಲಿ ನಿಂತಿದ್ದಾಗ ತಾಯಿ ಈ ಮಾತನ್ನು ಮೆಲ್ಲಗೆ, ತನ್ನದೇ ತಪ್ಪೇನೋ ಎಂಬಂತೆ ಹೇಳಿದ್ದಳು.

ಈಗ ಹೊರಗಿನಿಂದ ಯಾರೋ ಬಾಗಿಲು ಗುದ್ದಿದರು. ಒಳಗೇ ಮನೆ ಮಾಡ್ಕೊಂಡಿದ್ದೀರಾ ಎಂದು ಹೆಂಗಸೊಬ್ಬಳ ದನಿ. ಗುದ್ದಿದ ಪೆಟ್ಟಿಗೆ ಬಾಗಿಲು ಅವಳ ಮಂಡಿಗೆ ಬಡಿಯಿತು. ಮಗು ಚೀರಿತು. ಅದರ ಮೈಮೇಲಿದ್ದ ಶಾಲು ಜಾರಿ ನೆಲದ ನೀರಿಗೆ ಬಿತ್ತು. ಅವಳು ಆ ಶಾಲನ್ನು ಒಂದು ಕ್ಷಣ ನೋಡಿದಳು. ಬಗ್ಗಿ ಎತ್ತಿಕೊಳ್ಳಲಿಲ್ಲ. ಕಾಲು ತೆಗೆದು ಬಾಗಿಲು ಬಿಟ್ಟು, ಶರಟಿನ ಕೆಳಗಿನ ಗುಂಡಿ ಹಾಕದೆಯೇ ಮಗುವನ್ನು ಎದೆಗವಚಿಕೊಂಡು ಹೊರಗೆ ಬಂದಳು.

"ಎಲ್ಲಿಗೇ?" ತಾಯಿ ಹಿಂದೆಯೇ ಓಡಿಬಂದಳು. "ಕುಡೀತಾ?"

ಅವಳು ಪ್ಲಾಟ್‌ಫಾರ್ಮ್ ದಾಟಿ, ಬಸ್ಸು ಹತ್ತಿ, ಬಾಗಿಲ ಪಕ್ಕದ ತನ್ನ ಸೀಟಿನಲ್ಲಿ ಕೂತಳು. ಬಸ್ಸು ತುಂಬಿತ್ತು, ಹತ್ತು ಹದಿನೈದು ಜನ ನಿಂತೂ ಇದ್ದರು. ಯಾರ ಕಡೆಗೂ ಬೆನ್ನು ಹಾಕದೆ ಮಗುವನ್ನು ತೊಡೆಯ ಮೇಲೆ ಮಲಗಿಸಿ ಎದೆಗೆ ಹಚ್ಚಿದಳು. ಮಗು ಒಂದೆರಡು ಸಲ ತಡಕಾಡಿ ಗಟ್ಟಿಯಾಗಿ ಕಚ್ಚಿತು. ಹಾಲಿಳಿಯುವಾಗಿನ ಆ ಜುಮ್ಮೆನ್ನುವ ನೋವಿಗೆ ಅವಳು ಕಣ್ಣು ಮುಚ್ಚಿದಳು.

ಹನ್ನೊಂದೂ ಮೂವತ್ತೆರಡಕ್ಕೆ ಡ್ರೈವರ್ ಎಂಜಿನ್ ಶುರು ಮಾಡಿ, ಅವಳು ಸೀಟಿ ಊದಲೆಂದು ಕಾದ. ಡಿಪೋದಲ್ಲಿ ಎಲ್ಲರೂ ಅವನನ್ನು ಗಡಿಯಾರ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಒಂದು ದಿನವೂ ತಡವಾಗಿ ಬಸ್ಸು ಬಿಟ್ಟವನಲ್ಲ. ಸ್ವಂತ ತಮ್ಮ ಓಡಿಬರುತ್ತಿದ್ದರೂ ನಿಲ್ಲಿಸದೆ ಹೋಗಿದ್ದನೆಂದು ಜನ ಹೇಳಿ ನಗುತ್ತಿದ್ದರು. ಮಾತು ಕಡಿಮೆ. ಸೀಟಿ ಬರದಿದ್ದಾಗ ಅವನು ತಿರುಗಿ ನೋಡಿದ.

"ಅಣ್ಣ, ಮಗು ಕುಡೀತಾ ಇದೆ," ಎಂದಳು ಅವಳು. "ಅದು ಕುಡಿದಾದ ಮೇಲೆ ಸೀಟಿ ಊದ್ತೀನಿ."

ಡ್ರೈವರ್ ಮುಂದಕ್ಕೆ ತಿರುಗಿದ. ಕೈ ಮೇಲೆತ್ತಿ, ಒಳಗಿನವರನ್ನು ನೋಡುವ ಕನ್ನಡಿಯನ್ನು ಚಾವಣಿಯ ಕಡೆ ತಿರುಗಿಸಿದ. ಆಮೇಲೆ ಎಂಜಿನ್ ಆರಿಸಿದ.

ಬಸ್ಸು ಒಮ್ಮೆಗೇ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಮಗು ಗುಟುಕರಿಸುವುದು ಮೂರು ಸೀಟಿನವರೆಗೂ ಕೇಳುತ್ತಿತ್ತು. ಒಬ್ಬ ಕೈಗಡಿಯಾರ ನೋಡಿಕೊಂಡ. ಇನ್ನೊಬ್ಬ ತನಗೆ ಆಸ್ಪತ್ರೆಯಲ್ಲಿ ಹೊತ್ತು ಗೊತ್ತುಮಾಡಿದೆ ಎಂದು ಗೊಣಗಿದ. ಎದುರು ಸೀಟಿನಲ್ಲಿ ದಿನವೂ ಇದೇ ಬಸ್ಸಿಗೆ ಬರುವ, ಕನ್ನಡಕದ, ಹಿರಿಯ ವಯಸ್ಸಿನ ಟೀಚರಮ್ಮ ಕೂತಿದ್ದಳು. ಮಡಿಲಲ್ಲಿ ಮಕ್ಕಳ ಉತ್ತರಪತ್ರಿಕೆಯ ಕಟ್ಟು.

"ಇಷ್ಟು ಜನ ಗಂಡಸರ ಮಧ್ಯೆ ಇದೇನಮ್ಮ ಇದು," ಎಂದಳು ಟೀಚರಮ್ಮ. "ದೂರು ಪುಸ್ತಕದಲ್ಲಿ ಬರೆದವಳು ನಾನೇ. ಬೇಕಾದ್ರೆ ಬೇಜಾರು ಮಾಡ್ಕೊ. ನಾನೂ ಮೂರು ಮಕ್ಕಳನ್ನ ಸಾಕಿದೀನಿ. ಒಂದು ದಿನ ಒಬ್ಬರ ಕಣ್ಣಿಗೂ ಬಿದ್ದಿಲ್ಲ."

ಬರೆದವನು ಯಾರೋ ಗಂಡಸು ಎಂದುಕೊಂಡು ಇಷ್ಟು ದಿನ ಅವಳು ಮನಸ್ಸಿನಲ್ಲೇ ಅವನ ಜನ್ಮ ಜಾಲಾಡಿದ್ದಳು. ಈಗ ಕನ್ನಡಕದ ಹಿಂದಿನ ಆ ಕಣ್ಣುಗಳನ್ನು ನೋಡಿ ಅವಳ ಸಿಟ್ಟು ನೆತ್ತಿಗೇರಿತು. ಆದರೆ ಮಗು ಕುಡಿಯುತ್ತಿತ್ತು. ದನಿ ಏರಿಸಿದರೆ ಬಿಟ್ಟುಬಿಡುತ್ತದೆ. ಮೆಲುದನಿಯಲ್ಲೇ ಹೇಳಿದಳು:

"ನಾನೂ ಯಾರ ಕಣ್ಣಿಗೂ ಬೀಳದ ಹಾಗೆ ಗೋಡೆ ನೋಡ್ಕೊಂಡು ಕೂತಿದ್ದೆ, ಟೀಚರ್. ನೀವು ಹುಡುಕ್ಕೊಂಡು ಬಂದು ನೋಡಿದ್ರಿ. ಹದಿನೈದು ದಿನದಿಂದ ಕಕ್ಕಸಲ್ಲಿ ನಿಂತು ಊಡಿಸ್ತಾ ಇದೀನಿ. ಇವತ್ತು ತೂಕ ನೋಡಿಸಿದ್ರು. ಒಂದು ಗ್ರಾಂ ಏರಿಲ್ಲ. ಅದನ್ನೂ ಬರೀರಿ ಆ ಪುಸ್ತಕದಲ್ಲಿ."

ಟೀಚರಮ್ಮ ಕಟ್ಟಿನ ಮೇಲಿನ ಹಾಳೆಯ ಮೂಲೆಯನ್ನು ಬೆರಳಿನಿಂದ ಮಡಿಸಿ, ಬಿಡಿಸಿ, ಮಡಿಸಿ ಕೂತಳು. ತಪ್ಪಾಯಿತು ಎನ್ನಲಿಲ್ಲ.

ಅಷ್ಟರಲ್ಲಿ ಕಂಟ್ರೋಲರ್ ಬಂದು ಬಸ್ಸಿನ ಮೈಗೆ ಎರಡು ಸಲ ಬಡಿದ. ಹಿಂದಿನ ಬಸ್ಸಿಗೆ ಜಾಗ ಬೇಕು, ಯಾಕೆ ನಿಂತಿದ್ದೀರಿ ಎಂದು ಡ್ರೈವರನ್ನು ಕೇಳಿದ.

"ಎಂಜಿನ್ ಬಿಸಿಯಾಗಿದೆ," ಎಂದ ಡ್ರೈವರ್.

"ಆರೋಕೆ ಎಷ್ಟು ಹೊತ್ತು?"

"ಆರಿದಾಗ ಗೊತ್ತಾಗುತ್ತೆ."

ಕಂಟ್ರೋಲರ್ ಬಾಗಿಲ ಬಳಿ ಬಂದ. ಅವಳನ್ನು ಕಂಡ ಕೂಡಲೇ ಮುಖ ಪಕ್ಕಕ್ಕೆ ತಿರುಗಿಸಿ, ಬಾಗಿಲ ಕಂಬಿಯ ಹತ್ತಿರ ಮಾತಾಡಿದ. ಮೆಮೊ ಬರುತ್ತೆ, ನೌಕರಿಗೇ ಸಂಚಕಾರ ಬರುತ್ತೆ, ಪ್ಯಾಸೆಂಜರುಗಳೇ ಸಾಕ್ಷಿ ಹೇಳ್ತಾರೆ ಎಂದೆಲ್ಲ ಹೇಳಿದ. ಕೊನೆಗೆ, "ಆಯ್ತೇನಮ್ಮ?" ಎಂದ.

ಅವಳು ಮಗುವನ್ನು ಬಿಡಿಸಿ, ಹೆಗಲಿಗೆ ಹಾಕಿಕೊಂಡು, ತೇಗು ಬರುವವರೆಗೂ ನಿಧಾನವಾಗಿ ಬೆನ್ನು ತಟ್ಟಿದಳು.

"ಒಂದು ಕಡೆ ಆಯ್ತು, ಸಾರ್. ಇನ್ನೊಂದು ಕಡೆ ಬಾಕಿ ಇದೆ."

ಹಿಂದಿನ ಸೀಟಿನಲ್ಲಿ ಯಾರೋ ಹೆಂಗಸು ಕಿಸಕ್ಕನೆ ನಕ್ಕಳು. ಕಂಟ್ರೋಲರನ ಕಿವಿ ಕೆಂಪಾಯಿತು. ಅವನು ನಡೆದುಬಿಟ್ಟ. ಕೆಳಗೆ ನಿಂತಿದ್ದ ತಾಯಿ ಅಷ್ಟು ಹೊತ್ತೂ ತನ್ನ ಎರಡು ಕೈಗಳನ್ನೇ ಅಡ್ಡ ಹಿಡಿದು ಮಗಳನ್ನು ಮರೆ ಮಾಡಲು ನೋಡುತ್ತಿದ್ದಳು. ನೌಕರಿ ಹೋದ್ರೆ ಏನೇ ಮಾಡ್ತೀಯ ಎಂದು ಪಿಸುಗುಟ್ಟಿದಳು. ಕೈ ಇಳಿಸಮ್ಮ, ನೋವು ಬರುತ್ತೆ ಎಂದಳು ಅವಳು.

ಹೊಟ್ಟೆ ತುಂಬಿದ ಮಗುವನ್ನು ತಾಯಿಯ ಕೈಗಿತ್ತು ಅವಳು ಸೀಟಿ ಊದಿದಳು. ಬಸ್ಸು ಹೊರಟಾಗ ಒಂಬತ್ತು ನಿಮಿಷ ತಡವಾಗಿತ್ತು.

ಮೆಮೊ ಮಾರನೆಯ ದಿನವೇ ಬಂತು, ಇಬ್ಬರಿಗೂ. ಡ್ರೈವರ್ ಕಾರಣದ ಜಾಗದಲ್ಲಿ ಎಂಜಿನ್ ಬಿಸಿಯಾಗಿತ್ತು ಎಂದು ಬರೆದುಕೊಟ್ಟ. ಅವನ ಇಪ್ಪತ್ತಾರು ವರ್ಷದ ದಾಖಲೆಗೆ ಕೆಂಪು ಶಾಯಿಯ ಗೆರೆ ಬಿತ್ತು. ಆ ಬಗ್ಗೆ ಅವನು ಅವಳ ಹತ್ತಿರ ಚಕಾರವೆತ್ತಲಿಲ್ಲ. ಅವಳು ಬರೆದದ್ದು ಒಂದೇ ಸಾಲು: ಮಗು ಹಾಲು ಕುಡಿಯುತ್ತಿತ್ತು.

ಡಿಪೋ ಮ್ಯಾನೇಜರ್ ಕೆಟ್ಟವನಲ್ಲ. ಕಾಗದವನ್ನು ಅವಳ ಕಡೆಗೆ ಸರಿಸಿ, ಕೊನೆಗೆ ವಿಷಾದಿಸುತ್ತೇನೆ ಅಂತ ಒಂದು ಪದ ಸೇರಿಸಿಬಿಡಮ್ಮ, ಇಲ್ಲಿಗೇ ಮುಗಿಸ್ತೀನಿ ಎಂದ. ಪೆನ್ನನ್ನೂ ಕೊಟ್ಟ. ಅವಳು ಪೆನ್ನನ್ನು ಮೇಜಿನ ಮೇಲಿಟ್ಟಳು.

"ವಿಷಾದ ಇಲ್ಲ ಸಾರ್, ಸಿಟ್ಟಿದೆ. ಅದನ್ನ ಬರೀಬಹುದಾ?"

ಮ್ಯಾನೇಜರ್ ಬಹಳ ಹೊತ್ತು ಹಣೆ ಉಜ್ಜಿಕೊಂಡ. ಒಂದು ವಾರ ಅಮಾನತು ಎಂದು ಬರೆದ.

ಆ ಒಂದು ವಾರ ಅವಳು ಮನೆಯಲ್ಲಿದ್ದು ಮಗುವಿಗೆ ಹೊಟ್ಟೆ ತುಂಬ ಊಡಿಸಿದಳು. ಸಿಟ್ಟು ಮಾತ್ರ ಇಳಿಯಲಿಲ್ಲ. ಪಾತ್ರೆ ತೊಳೆಯುವಾಗ, ಬಟ್ಟೆ ಹಿಂಡುವಾಗ ಸುಮ್ಮನೆ ಏರಿ ಬರುತ್ತಿತ್ತು. ಹಿಂಡಿದ ಬಟ್ಟೆಯಲ್ಲಿ ಒಂದು ಹನಿ ನೀರೂ ಉಳಿಯುತ್ತಿರಲಿಲ್ಲ.

ಎಂಟನೆಯ ದಿನ ಹನ್ನೊಂದೂ ಇಪ್ಪತ್ತಕ್ಕೆ ಬಸ್ಸಿನಿಂದಿಳಿದು, ಕಲ್ಲಿನ ಬೆಂಚಿನ ಮೇಲೆ ಕೂತು ಮಗುವಿಗಾಗಿ ಕೈಚಾಚಿದಳು. ಈ ಸಲ ಗೋಡೆಯ ಕಡೆ ತಿರುಗಲಿಲ್ಲ. ಎದುರಿಗೇ ಕಂಟ್ರೋಲರನ ಕಿಟಕಿ. ಅವನು ತಲೆಯೆತ್ತಿ ನೋಡಿದ. ಅವಳೂ ನೋಡಿದಳು, ನೋಟ ತೆಗೆಯಲಿಲ್ಲ. ಅವನು ಪೆನ್ನು ಎತ್ತಿಕೊಂಡ, ಇಟ್ಟ, ಮೈಕನ್ನು ಸರಿಸಿದ. ಕೊನೆಗೆ ಎದ್ದು ನಿಂತು ಕಿಟಕಿಯ ತಗಡನ್ನು ಧಡ್ಡನೆ ಎಳೆದುಕೊಂಡ.

ಆ ಸದ್ದಿಗೆ ಮಗು ಎದೆ ಬಿಟ್ಟು, ಕುತ್ತಿಗೆ ಹೊರಳಿಸಿ, ಮುಚ್ಚಿದ ತಗಡಿನ ಕಡೆ ನೋಡಿತು. ತುಟಿಯಂಚಿನಿಂದ ಹಾಲಿನ ಸಣ್ಣ ಗೆರೆಯೊಂದು ಗದ್ದಕ್ಕಿಳಿಯಿತು. ಅವಳು ಅದನ್ನು ಹೆಬ್ಬೆರಳಿನಿಂದ ಒರೆಸಿದಳು. ಇನ್ನೂ ಸ್ವಲ್ಪ ಹೊತ್ತು ಆ ಕಡೆಯೇ ನೋಡುತ್ತಿದ್ದ ಮಗು, ಆಮೇಲೆ ತಾನೇ ತಿರುಗಿ ಬಾಯಿ ತೆರೆಯಿತು.