ಬೆನ್ನಿನ ಸೂಜಿ ಮತ್ತು ಭರಮಪ್ಪನ ಕಾಲು

ಬೆಳಗಾವಿಯ ಖಾಸಬಾಗದ ಪೂರ್ಣಿಮಾ ಮಗ್ಗದಲ್ಲಿ ಹರಿದ ಎಳೆಯನ್ನು ಬೆರಳಿನಿಂದಲೇ ಹುಡುಕುವವಳು. ಹೋದ ವರ್ಷ ಅವಳ ಒಂದು ಕಣ್ಣು ಮಂಜಾಯಿತು. ಅತ್ತೆ ನಿಂಗವ್ವ ಹರಕೆ ಹೊತ್ತಳು. ಕೆಲವು ವಾರಗಳಲ್ಲಿ ಕಣ್ಣು ತಾನಾಗಿಯೇ ತಿಳಿಯಾಯಿತು, ಡಾಕ್ಟರಿಗೆ ತೋರಿಸುವ ಮಾತು ಅಲ್ಲಿಗೇ ಮುಗಿಯಿತು. ಈ ವರ್ಷ ಬೆರಳಿಗೆ ಜೋಮು ಹಿಡಿಯಿತು, ಕಾಲು ಎಡವತೊಡಗಿತು.

ನರರೋಗದ ಡಾಕ್ಟರು ಸ್ಕ್ಯಾನ್ ನೋಡಿದರು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರದ ಕಾಯಿಲೆ ಇರಬಹುದು, ಬೆನ್ನಿಗೆ ಸೂಜಿ ಹಾಕಿ ಒಳಗಿನ ನೀರು ತೆಗೆದು ಪರೀಕ್ಷಿಸೋಣ ಎಂದರು. ನಿಂಗವ್ವ ಸೊಸೆಯ ಕೈಹಿಡಿದು ಎಬ್ಬಿಸಿಕೊಂಡು ಮನೆಗೆ ಬಂದೇಬಿಟ್ಟಳು.

ವಿಷಯ ತಿಳಿದು ಪಕ್ಕದ ಮನೆಯ ನರ್ಸ್ ಶೀತಲ ಬಂದಳು.

"ಬೆನ್ನಾಗ ಸೂಜಿ ಹಾಕಿದ್ರ ಕಾಲು ಹೋಗ್ತಾವವಾ. ಖಾನಾಪುರದಾಗ ನಮ್ಮ ಬೀಗರ ಪೈಕಿ ಭರಮಪ್ಪಗ ಹಂಗ ಆತು," ಅಂದಳು ನಿಂಗವ್ವ.

"ನೀವು ನೋಡೀರೇನ್ರಿ ಕಾಕೂ?"

"ನೋಡೂದೇನು, ಮಂದಿ ಎಲ್ಲಾ ಹೇಳತೈತಿ."

"ಹಂಗಾದ್ರ ಅವರನ್ನ ಕೇಳೂಣು ಬರ್ರಿ."

ಮರುದಿನ ಮೂವರೂ ಬಸ್ಸು ಹತ್ತಿದರು. ಕಾಲು ಹೋದ ಭರಮಪ್ಪ ಕೋಲೂರಿಕೊಂಡು ಬಾಗಿಲಿಗೇ ಬಂದ. ನಿಂಗವ್ವ ಬೆಪ್ಪಾಗಿ ಅವನ ಕಾಲನ್ನೇ ನೋಡಿದಳು.

"ಅಕ್ಕಾ, ಕಾಲು ಮೊದಲ ಹೋಗಿದ್ವು," ಅಂದ ಅವನು. "ನಸಕಿನ್ಯಾಗ ನನ್ನ ಹೊರಸಿನ ಮ್ಯಾಲ ಹೊತ್ತು ಒಯ್ದರು, ಅದನ್ನ ಯಾರೂ ನೋಡಲಿಲ್ಲ. ದವಾಖಾನಿಯಿಂದ ಬರೂವಾಗ ಎಲ್ಲಾರೂ ನೋಡಿದರು, ಸೂಜಿಯಿಂದನ ಹೋದ್ವು ಅಂದರು. ನನ್ನ ರೋಗ ಬ್ಯಾರೆ, ಆದ್ರ ಆ ನೀರು ನೋಡೇ ಗೊತ್ತಾತು, ಔಷಧ ಕೊಟ್ಟಮ್ಯಾಲ ಈಗ ಇಷ್ಟು ನಡೀತೀನಿ. ಸೂಜಿ ಹಾಕೂ ಮೊದಲ ನೋವು ಗೊತ್ತಾಗದಂಗ ಇಂಜೆಕ್ಷನ್ ಕೊಡ್ತಾರ. ಒಂದೆರಡು ದಿನ ತಲಿ ನೋತು, ಅಷ್ಟ."

ಉಳಿದದ್ದನ್ನು ಶೀತಲ ಹೇಳಿದಳು. "ಬೆನ್ನಿನ ನರದ ಹುರಿ ಮ್ಯಾಲ ಮುಗಿದಿರತೈತ್ರಿ. ಸೂಜಿ ಅದಕ್ಕಿಂತ ಕೆಳಗ ಹಾಕ್ತಾರ. ಆ ನೀರಿನ ಪರೀಕ್ಷಾದಾಗ ಪ್ರೋಟೀನಿನ ಗೆರಿ ಕಂಡು, ರಕ್ತದಾಗ ಕಾಣಲಿಲ್ಲಂದ್ರ ಡಾಕ್ಟರ ಸಂಶಯ ಗಟ್ಟಿ ಆಗತೈತಿ. ಅದೊಂದರ ಮ್ಯಾಲ ತೀರ್ಮಾನ ಇಲ್ಲ, ಸ್ಕ್ಯಾನ್ ಜೋಡಿ ಕೂಡಿಸಿ ನೋಡ್ತಾರ."

ಪೂರ್ಣಿಮಾ ಅತ್ತೆಯ ಕೈ ಹಿಡಿದಳು. "ಅತ್ತೀ, ಏನಾಗೈತಿ ಅಂತ ಗೊತ್ತಿಲ್ಲದ ಹೆದರಿ ಹೆದರಿ ಸಾಕಾಗೈತಿ."

"ನಾಳೆನ ಹೋಗೂಣವಾ. ನಾ ಬಾಜುಕ ಕುಂದರ್ತೀನಿ," ಅಂದಳು ನಿಂಗವ್ವ.

ಪರೀಕ್ಷೆಯಾಯಿತು. ಬೆನ್ನಿನ ನೀರಿನಲ್ಲಿ ಗೆರೆಗಳು ಕಂಡವು, ರಕ್ತದಲ್ಲಿ ಕಾಣಲಿಲ್ಲ; ಸ್ಕ್ಯಾನ್ ಜೊತೆ ಕೂಡಿಸಿ ನೋಡಿದಾಗ ಕಾಯಿಲೆ ಖಾತ್ರಿಯಾಯಿತು. ಇದು ಪೂರ್ತಿ ಬಿಟ್ಟುಹೋಗುವಂಥದ್ದಲ್ಲ, ಮತ್ತೆ ಬರಬಹುದು. ಆದರೂ ಪೂರ್ಣಿಮಾಳ ಎದೆಯ ಭಾರ ಇಳಿಯಿತು. ಔಷಧ ಶುರುವಾಗಿ ಜೋಮು ಕಡಿಮೆಯಾಯಿತು. ಬೆರಳು ಹರಿದ ಎಳೆಯನ್ನು ಮತ್ತೆ ಹುಡುಕಿಕೊಂಡ ದಿನ ಅತ್ತೆ ಸೊಸೆ ಇಬ್ಬರೂ ಅತ್ತರು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಕಣ್ಣು ಮಂಜಾಗಿ ಸರಿಹೋದರೂ, ಜೋಮು ಬಂದು ಹೋದರೂ ಡಾಕ್ಟರಿಗೆ ಹೇಳಿ. ಸೂಜಿಯ ಸುದ್ದಿ ಬೇಕಿದ್ದರೆ ಹಾಕಿಸಿಕೊಂಡವರನ್ನೇ ಕೇಳಿ. ಯಾರೂ ಸಿಗದಿದ್ದರೆ ಖಾಸಬಾಗಕ್ಕೆ ಬನ್ನಿ, ನಿಂಗವ್ವ ಈಗ ಕೇಳದವರಿಗೂ ಹೇಳುತ್ತಾಳೆ.